ದ್ಯಾಮಣ್ಣನ ಮೊಣಕಾಲು

ನಮ್ಮ ಊರಿನಲ್ಲಿ ಹಾಕಿ ಆಟಗಾರನ ಕರಾರು ಮುಂದುವರಿಸುವ ದಿನ ಆಟಗಾರನನ್ನು ಯಾರೂ ಏನೂ ಕೇಳುವುದಿಲ್ಲ. ಅವನು ಬಾಗಿಲ ಹತ್ತಿರ ಕೈಕಟ್ಟಿ ನಿಂತಿರಬೇಕು, ಬಾಯಿ ಬಿಡಬಾರದು. ಕಮಿಟಿಯವರು ಕೇಳುವುದೆಲ್ಲ ಅವನ ಹೊರೆಗಾರನನ್ನು. ಸೊಂಟ ಹೇಗಿದೆ, ಭುಜ ಹೇಗಿದೆ, ಹೋದ ವರ್ಷ ಬೆರಳಿಗೆ ಬಿದ್ದ ಪೆಟ್ಟು ವಾಸಿಯಾಯಿತೇ ಇಲ್ಲವೇ ಎಂದು. ಆಟಗಾರನಿಗೆ ಅದೆಲ್ಲ ಏನು ಗೊತ್ತು? ಪೆಟ್ಟು ಬೀಳುವುದು ಅವನಿಗೆ, ನೋವು ಉಣ್ಣುವವರು ನಾವು.

ನಾನು ದ್ಯಾಮಣ್ಣನ ಹೊರೆಗಾರ್ತಿ, ಹೆಸರು ಕಾಶವ್ವ. ಬಸ್ ನಿಲ್ದಾಣದ ಹಿಂದೆ ನನ್ನದೊಂದು ಖಾನಾವಳಿ ಇದೆ. ದ್ಯಾಮಣ್ಣ ಕೆಂಪಂಗಿ ತಂಡದ ಬ್ಯಾಕ್. ಅವನನ್ನು ದಾಟಿ ಚೆಂಡು ಹೋಗುವುದೂ ಒಂದೇ, ಗೋಡೆ ಹಾರಿ ಎಮ್ಮೆ ಹೋಗುವುದೂ ಒಂದೇ ಎನ್ನುತ್ತಿದ್ದರು ಜನ. ಈಗ ಅವನಿಗೆ ನಲವತ್ತು ಮುಟ್ಟಿತು. ಈ ಸಲ ಕರಾರು ಸಿಕ್ಕರೆ ಮೂರು ವರ್ಷದ್ದು, ಅದು ಮುಗಿದ ಮೇಲೆ ಹುಡುಗರಿಗೆ ಆಟ ಕಲಿಸುವ ಕಾಯಂ ಕೆಲಸ. ಸಿಗದಿದ್ದರೆ ಒಂದು ಶಾಲು, ಒಂದು ತೆಂಗಿನಕಾಯಿ, ಮನೆಯ ದಾರಿ. ಶಾಲೋ ಕರಾರೋ ಎನ್ನುವುದು ನನ್ನ ನಾಲಿಗೆಯ ಮೇಲಿತ್ತು, ಮತ್ತು ಆ ನಾಲಿಗೆ ಸಭೆಯ ದಿನ ಬೆಳಗಿನಿಂದಲೇ ಒಣಗಿ ಹೋಗಿತ್ತು.

ನನಗೂ ಅವನಿಗೂ ಸಂಬಂಧವಿಲ್ಲ. ಇರಲೂಬಾರದು, ಒಂದೇ ಮನೆಯವರ ನಡುವೆ ನೋವು ದಾಟುವುದಿಲ್ಲ. ಹೆರಿಗೆಯ ನೋವು ಹೊರಲೂ ಪಕ್ಕದ ಮನೆಯವರನ್ನೇ ಕರೆಯಬೇಕು. ಹಾಗಾಗಿ ಸೊಸೆ ಬಸುರಿಯಾದ ಮನೆಯವರು ನೆರೆಯವರೊಡನೆ ಜಗಳ ತೆಗೆಯುವುದಿಲ್ಲ, ಅವರ ಕೋಳಿ ತಮ್ಮ ಹಿತ್ತಲು ಕೆದರಿದರೂ ನಗುತ್ತಾ ನಿಂತಿರುತ್ತಾರೆ. ಹಲ್ಲು ಕೀಳುವ ಡಾಕ್ಟರ ಹತ್ತಿರ ಎರಡು ಕುರ್ಚಿ ಇವೆ. ಬಾಯಿ ತೆರೆದವನು ಒಂದರಲ್ಲಿ, ಕಿರುಚುವವನು ಇನ್ನೊಂದರಲ್ಲಿ. ಹಾಕಿಗೂ ಇದೇ ಪದ್ಧತಿ. ಮೈದಾನಕ್ಕೆ ಇಳಿಯುವ ಮುಂಚೆ ಒಂದು ಬೆಲ್ಲದಚ್ಚು ಮುರಿಯುತ್ತೇವೆ. ಅರ್ಧ ಆಟಗಾರನಿಗೆ, ಅರ್ಧ ಹೊರೆಗಾರನಿಗೆ. ಎರಡೂ ಹೊಟ್ಟೆಗಿಳಿದರೆ ಹೊತ್ತು ಮುಳುಗುವವರೆಗೆ ಅವನ ನೋವು ಇವನದು. ಹೊರೆಗಾರನಿಲ್ಲದವನನ್ನು ಯಾವ ತಂಡವೂ ಆಡಿಸುವುದಿಲ್ಲ. ನೋವು ಗೊತ್ತಾದವನು ಹಿಂಜರಿಯುತ್ತಾನೆ, ಹಿಂಜರಿದವನು ಸೋಲುತ್ತಾನೆ ಎಂಬುದು ನಮ್ಮವರ ನಂಬಿಕೆ.

ಮೈದಾನದ ಪಕ್ಕದಲ್ಲಿ ಹೊರೆಗಾರರಿಗೆ ಒಂದು ಚಪ್ಪರ. ಸಾಲಾಗಿ ಕುರ್ಚಿ, ಬೀಸಣಿಗೆ, ಹೋಳು ಮಾಡಿದ ನಿಂಬೆಹಣ್ಣು. ಅಲ್ಲಿ ಚೆಂಡು ಒಬ್ಬನ ಕಾಲಿಗೆ ಬಡಿದರೆ ಇಲ್ಲಿ ಇನ್ನೊಬ್ಬರು ಕಾಲು ಹಿಡಿದುಕೊಂಡು ಅವ್ವಾ ಎನ್ನುತ್ತಾರೆ. ಎದುರು ತಂಡದವರು ಕಳ್ಳರು, ಒಬ್ಬನನ್ನು ನಮ್ಮ ಚಪ್ಪರದ ಮೇಲೆ ಕಣ್ಣಿಡಲೆಂದೇ ಬಿಟ್ಟಿರುತ್ತಾರೆ. ಯಾವ ಹೊರೆಗಾರ ಎಲ್ಲಿ ಹಿಡಿದುಕೊಂಡ ಎಂದು ನೋಡಿ, ಆ ಆಟಗಾರನ ಅದೇ ಜಾಗಕ್ಕೆ ಮತ್ತೆ ಹೊಡೆಸುತ್ತಾರೆ. ಆದ್ದರಿಂದ ಒಳ್ಳೆಯ ಹೊರೆಗಾರ ಮುಖ ಕೊಡಬಾರದು, ನೋವು ಮುಖದಲ್ಲಿ ಕಾಣಿಸಬಾರದು. ನಾನು ಹದಿನಾರು ವರ್ಷ ಮುಖ ಕೊಟ್ಟವಳಲ್ಲ. ದ್ಯಾಮಣ್ಣನ ಪಕ್ಕೆಲುಬು ಮುರಿದ ದಿನವೂ ಬೀಸಣಿಗೆ ಬೀಸುತ್ತಾ ಕೂತಿದ್ದೆ. ಗಂಡ ಬಿಟ್ಟುಹೋದ ದಿನ ಊರಿಡೀ ಬಾಗಿಲಿಗೆ ಬಂದು ನಿಂತಾಗ ಕಲಿತ ವಿದ್ಯೆ ಅದು. ಗೋಲ್‌ಕೀಪರನ ಹೊರೆಗಾರ, ಕಲಾಯಿ ಹಾಕುವ ಮೌಲಾಸಾಬ, ನನ್ನ ಪಕ್ಕದ ಕುರ್ಚಿಯವನು. “ಕಾಶವ್ವ, ನಿನ್ನ ಮುಖಕ್ಕ ನಾನು ಕಲಾಯಿ ಹಾಕೀನಿ ಅಂತ ಊರಾಗ ಹೇಳ್ಕೊಂಡು ತಿರಗತೀನಿ” ಎಂದು ನಗಿಸುತ್ತಿದ್ದ.

ಕಳೆದ ವರ್ಷದ ಕೊನೆಯ ಪಂದ್ಯದಲ್ಲಿ ಮಾತ್ರ ಆ ಕಲಾಯಿ ಸಾಲದಾಯಿತು. ದ್ಯಾಮಣ್ಣನ ಎಡ ಮೊಣಕಾಲು ಮೂರ್ನಾಲ್ಕು ವರ್ಷದಿಂದಲೇ ಕೆಡುತ್ತಾ ಬಂದಿತ್ತು. ಅವನಿಗೊಂದು ಪೇಟೆಂಟ್ ಆಟ ಇತ್ತು, ಜನ ಅದನ್ನು ಬುಗುರಿ ಎನ್ನುತ್ತಿದ್ದರು. ಓಡುತ್ತಾ ಬಂದವನು ಎಡಗಾಲು ಊರಿ, ಅದರ ಮೇಲೆ ಇಡೀ ಮೈ ತಿರುಗಿಸಿ ಚೆಂಡನ್ನು ಹಿಂದಕ್ಕೆ ಹೊಡೆಯುತ್ತಿದ್ದ. ಎದುರಿನವನು ಆ ಕಡೆ, ಚೆಂಡು ಈ ಕಡೆ. ಜನ ಕುಣಿದಾಡುತ್ತಿದ್ದರು. ನಾನು ಕುಣಿಯುತ್ತಿರಲಿಲ್ಲ. ಆ ದಿನ ಅವನು ಮೂರು ಬುಗುರಿ ಹೊಡೆದ. ಮೂರನೆಯದಕ್ಕೆ ನಾನು ಕೂತಲ್ಲೇ, ಕಣ್ಣು ತೆರೆದುಕೊಂಡೇ ಎಚ್ಚರ ತಪ್ಪಿದೆ. ಮೌಲಾಸಾಬ ನೀರು ಹೊಡೆದಾಗಲೇ ಉಸಿರು ಬಂದದ್ದು. ತಂಡ ಗೆದ್ದಿತ್ತು, ಹಾಗಾಗಿ ಯಾರೂ ಲಕ್ಷ್ಯ ಕೊಡಲಿಲ್ಲ.

ಈ ವರ್ಷದ ಮೊದಲ ಪಂದ್ಯಕ್ಕೆ ಹಲ್ಲು ಕಚ್ಚಿಕೊಂಡು ಕೂತೆ. ಬೆಲ್ಲ ನುಂಗಿದೆ. ಸೀಟಿ ಊದಿದರು. ಏನೂ ಇಲ್ಲ! ದ್ಯಾಮಣ್ಣ ಓಡಿದ, ಬಿದ್ದ, ಎದ್ದ, ಒಬ್ಬನ ಸ್ಟಿಕ್ ಅವನ ಮುಂಗಾಲಿಗೆ ಬಡಿದದ್ದು ಚಪ್ಪರದವರೆಗೂ ಕೇಳಿಸಿತು. ನನಗೆ ಒಂದು ಸೊಳ್ಳೆ ಕಡಿದಷ್ಟೂ ಇಲ್ಲ. ನನ್ನ ಮೈಯೇ ಸತ್ತಿತೇನೋ ಎಂದು ಹೆದರಿ, ಮನೆಗೆ ಬಂದು ಕಾದ ಹೆಂಚನ್ನು ಬೆರಳಿನಿಂದ ಮುಟ್ಟಿದೆ. ಚುರ್ ಎಂದಿತು, ಬೊಬ್ಬೆ ಬಂತು. ಮೈ ಸತ್ತಿರಲಿಲ್ಲ. ಮರುದಿನ ದ್ಯಾಮಣ್ಣನನ್ನು ಕೇಳಿದರೆ, ಬೇಸಿಗೆಯಲ್ಲಿ ಯಾರೋ ನಾಟಿ ವೈದ್ಯನ ಹತ್ತಿರ ಹೋಗಿ ಎಲೆ ಕಟ್ಟಿಸಿಕೊಂಡು ಬಂದೆ, ಕಾಲು ಹೊಸದಾಗಿದೆ ಎಂದ. ನಾನು ನಂಬಿದೆ. ಸುಖ ತಾನಾಗಿ ಮನೆಗೆ ಬಂದರೆ ನಿನ್ನ ಊರು ಯಾವುದು ಎಂದು ಯಾರು ಕೇಳುತ್ತಾರೆ? ಈ ವರ್ಷವಿಡೀ ಚಪ್ಪರದಲ್ಲಿ ಕೂತು ಕಡಲೆ ತಿಂದೆ, ಮೊದಲ ಸಲ ಹಾಕಿ ನೋಡಿದೆ. ಒಂದು ವಿಷಯಕ್ಕೆ ಮಾತ್ರ ಜನರಿಗೆ ಬೇಜಾರಾಗಿತ್ತು. ದ್ಯಾಮಣ್ಣ ಒಂದೂ ಬುಗುರಿ ಹೊಡೆಯಲಿಲ್ಲ. ಆದರೂ ಅವನನ್ನು ದಾಟಿ ಬಂದ ಗೋಲು ಬೆರಳೆಣಿಕೆಯಷ್ಟು. ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು, ಆದರೆ ಚೆಂಡು ಬರುವಲ್ಲಿಗೆ ಅವನು ಮೊದಲೇ ಬಂದು ನಿಂತಿರುತ್ತಿದ್ದ.

ಕಾಶವ್ವನಿಗೆ ಈ ವರ್ಷ ನೋವೇ ಇಲ್ಲವಂತೆ ಎಂಬ ಸುದ್ದಿ ತಂಡದ ಸೆಕ್ರೆಟರಿ ಗುರುಪಾದಯ್ಯನವರ ಕಿವಿಗೂ ಬಿತ್ತು. ಮುದುಕನಾಗುವ ಆಟಗಾರನಿಗೆ ಒಂದು ವರ್ಷದ ಕರಾರು ಕೊಡಲೂ ಹಿಂದೆಮುಂದೆ ನೋಡುವ ಮನುಷ್ಯ ಈ ಸಲ ತಾನಾಗಿಯೇ ಮೂರು ವರ್ಷದ ಮಾತೆತ್ತಿದರು. ಊರೆಲ್ಲ ಖುಷಿ. ನಾನೂ ಖುಷಿಯಾಗಿದ್ದೆ, ಸಭೆಯ ಹಿಂದಿನ ದಿನ ಮಧ್ಯಾಹ್ನದವರೆಗೆ.

ಆ ಮಧ್ಯಾಹ್ನ ದ್ಯಾಮಣ್ಣನ ಹೆಂಡತಿ ನಿಂಬೆವ್ವ ಖಾನಾವಳಿಗೆ ಬಂದಳು. ರೊಟ್ಟಿ ಡಬ್ಬಿಗೆ ಇರುವೆ ಬರದಂತೆ ನಾನು ಏನು ಹಾಕುತ್ತೇನೆ ಎಂದು ಕೇಳಿದಳು. ಅರಿಶಿನ ಎಂದೆ. “ಅರಿಶಿನ ಹಾಕಿದ್ರ ಬಿಳೀ ಕಾಲಚೀಲ ಹಳದಿ ಆಗೂದಿಲ್ಲೇನಕ್ಕ?” ಎಂದಳು. ಕಾಲಚೀಲಕ್ಕೆ ಯಾಕೆ ಇರುವೆ ಎಂದೆ. “ಏನು ಮಾಡೂದು? ಮ್ಯಾಚ್ ಆಡಿ ಬಂದ ದಿನಾ ಕಾಲಚೀಲದಾಗ ಅಂಟಂಟು. ಒಗ್ಯಾಕ ತಗೊಳ್ಳೂದರಾಗ ಇರುವಿ ಮುಕರಿರತಾವ. ಕೇಳಿದ್ರ ಬೆವರು ಅಂತಾರ. ನನ್ನ ಗಂಡನ ಬೆವರು ಯಾವಾಗಿಂದ ಸಿಹಿ ಆತು?” ಎಂದು ನಕ್ಕಳು. ನಾನೂ ಅವಳ ಜೊತೆ ನಕ್ಕೆ. ಅವಳು ಬೀದಿ ತಿರುಗುವವರೆಗೂ ನನ್ನ ಮುಖದಲ್ಲಿ ಆ ನಗು ಹಾಗೇ ಇತ್ತು. ಆಮೇಲೆ ಒಲೆಯ ಮುಂದೆ ಕುಸಿದು ಕೂತೆ. ಬೆಲ್ಲ ಅವನ ಹೊಟ್ಟೆಗೆ ಇಳಿದೇ ಇರಲಿಲ್ಲ. ಬಾಯಿಗೆ ಹಾಕಿದಂತೆ ಮಾಡಿ, ಬಗ್ಗಿ ಬೂಟಿನ ದಾರ ಕಟ್ಟುವ ನೆಪದಲ್ಲಿ ಕಾಲಚೀಲಕ್ಕೆ ಸೇರಿಸುತ್ತಿದ್ದ. ವರ್ಷವಿಡೀ ಆ ಮೊಣಕಾಲಿನ ಮೇಲೆ ಅವನೊಬ್ಬನೇ ಆಡಿದ್ದ.

ನನಗೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು. ಹದಿನಾರು ವರ್ಷ ನನ್ನದೆಂದು ಮಾಡಿಕೊಂಡು ಬಂದ ಕೆಲಸವನ್ನು ನನಗೇ ಹೇಳದೆ ಕಿತ್ತುಕೊಂಡಿದ್ದ. ನಾನು ಕಡಲೆ ತಿನ್ನುತ್ತಾ ಕೂತಿದ್ದಾಗ ಅವನು ನನ್ನೆದುರೇ ಸಾಯುತ್ತಿದ್ದ. ಸಭೆಯ ದಿನ ಬೆಳಕು ಹರಿಯುತ್ತಲೇ ಮೈದಾನಕ್ಕೆ ಹೋದೆ. ಅವನು ಒಬ್ಬನೇ ಗೋಲಿನ ಎದುರು ಚೆಂಡು ತಳ್ಳುತ್ತಿದ್ದ.

“ಬೆಲ್ಲಾ ಎಲ್ಲಿ ಹಾಕ್ಕೊಂತಿ?” ಎಂದೆ, ಬಂದವಳೇ.

ಸ್ಟಿಕ್ಕು ನಿಂತಿತು. “ನಿಂಬಿ ಹೇಳಿದಳೇನು?”

“ಇರುವಿ ಹೇಳಿದ್ವು. ನನ್ನ ಕೆಲಸ ಬ್ಯಾಡಾಗಿತ್ತಂದ್ರ ನೆಟ್ಟಗ ಮುಖದ ಮ್ಯಾಲೆ ಹೇಳಬೇಕಿತ್ತು. ಕಳ್ಳನಂಗ ಕಾಲಚೀಲದಾಗ ಯಾಕ ಮುಚ್ಚಿಟ್ಟಿ?”

“ಹಂಗಲ್ಲ ಕಾಶಕ್ಕ.” ಅವನು ನೆಲಕ್ಕೆ ಕೂತ. ಕೂರುವಾಗ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಮುಂದಕ್ಕೆ ಇಟ್ಟುಕೊಂಡ. ಅಷ್ಟು ವರ್ಷದಲ್ಲಿ ಅವನು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ. “ಹೋದ ವರ್ಷ ಮೂರನೇ ಬುಗುರಿ ಹೊಡದು ಚಪ್ಪರದ ಕಡೆ ನೋಡಿದೆ. ನೀ ಕಣ್ಣು ತಗದು ಕುಂತಿದ್ದಿ, ರೆಪ್ಪಿ ಬಡೀಲಿಲ್ಲ. ಸತ್ತಳು ಅಂತ ತಿಳದೆ. ನಾ ನಗಾಕತ್ತಿದ್ದೆ ಕಾಶಕ್ಕ, ಗೆದ್ದೀವಿ ಅಂತ ಹಲ್ಲು ಬಿಟ್ಕೊಂಡು ನಿಂತಿದ್ದೆ. ಅವತ್ತಿನಿಂದ ಬೆಲ್ಲ ಗಂಟಲದಾಗ ಇಳೀಲಿಲ್ಲ.”

“ಅದಕ್ಕ ನಾನ ಸಾಯತೀನಿ ಅಂದಿ?”

“ಮೊದಲನೇ ಮ್ಯಾಚಿನ್ಯಾಗ ಅಳು ಬಂತು. ಖರೇನ ಅತ್ತೆ, ಬೆವರು ಅಂತ ಒರಸಿಕೊಂಡೆ. ಆಮ್ಯಾಲೆ ಅದರ ಮಾತು ತಿಳಿಯಾಕ ಹತ್ತಿತು. ಇಲ್ಲಿ ನಿಲ್ಲು, ಅಲ್ಲಿ ಓಡಬ್ಯಾಡ, ಚೆಂಡು ತಾನ ಬರತೈತಿ ಅಂತ ಮೊಣಕಾಲ ಹೇಳತೈತಿ. ಈ ವರ್ಷ ನಾ ಆಡೀನಿ ಕಾಶಕ್ಕ. ಅಲ್ಲಿತನಕ ನಿನ್ನ ಕಾಲಿನ ಮ್ಯಾಲೆ ಆಡಾಕತ್ತಿದ್ದೆ.” ಒಂದು ಹುಲ್ಲು ಕಿತ್ತು ಎಸೆದ. “ಇವತ್ತು ಕೇಳಿದ್ರ ನೋವಾಗಿಲ್ಲ ಅಂತ ಹೇಳು. ಸುಳ್ಳೇನಲ್ಲಲ್ಲ.”

“ಖರೇನೂ ಅಲ್ಲ.”

“ಮೂರು ವರ್ಷ ಸಾಕು ನನಗ. ಹಾಕಿ ಬಿಟ್ರ ನನಗ ಬ್ಯಾರೆ ಏನು ಬರತೈತಿ? ನೋವಿನಿಂದ ಆಡತಾನ ಅಂತ ಗೊತ್ತಾದ್ರ ಈ ಮಂದಿ ನನ್ನ ಗೇಟಿನೊಳಗೂ ಬಿಡೂದಿಲ್ಲ.”

ನಾನು ಗೇಟಿನ ಕಡೆ ತಿರುಗಿದೆ. ಮನೆಗೆ ಬಂದು ಹಿಟ್ಟು ನಾದಿದೆ. ಅವನ ಕಾಲು ಮೂರು ವರ್ಷ ತಡೆದೀತೇ ಎಂದು ಒಂದು ಕ್ಷಣ, ಅವನದನ್ನು ಅವನು ಹೊತ್ತುಕೊಂಡರೆ ನನಗೇನು ಎಂದು ಇನ್ನೊಂದು ಕ್ಷಣ. ರೊಟ್ಟಿ ಎರಡು ಹೊತ್ತಿಹೋದವು. ಊಟಕ್ಕೆ ಬಂದವರಿಗೆಲ್ಲ ಸಿಡಿಮಿಡಿ ಮಾಡಿದೆ.

ಸಭೆ ಕ್ಲಬ್ಬಿನ ದೊಡ್ಡ ಕೋಣೆಯಲ್ಲಿ. ಕಮಿಟಿಯ ಐದು ಜನ ಮೇಜಿನ ಆಚೆ, ಈಚೆ ನನಗೊಂದು ಕುರ್ಚಿ. ಬಾಗಿಲ ಹತ್ತಿರ ದ್ಯಾಮಣ್ಣ ಕೈಕಟ್ಟಿ ನಿಂತಿದ್ದ, ಭಾರವೆಲ್ಲ ಬಲಗಾಲಿನ ಮೇಲೆ. ಗುರುಪಾದಯ್ಯನವರು ಸಮಾಧಾನದ ಮನುಷ್ಯ, ಮಾತು ಮೆತ್ತಗೆ. ಆ ಮೆತ್ತಗಿನ ಮಾತಿಗೇ ನಾನು ಹೆದರುವುದು.

“ಹೇಳವಾ ಕಾಶವ್ವ. ಈ ವರ್ಷ ಎಡ ಮೊಣಕಾಲ ಹೆಂಗಿತ್ತು?”

“ನನಗ ಏನೂ ನೋವಾಗಿಲ್ರಿ ಅಯ್ಯಾರ.”

“ಒಂದೂ ದಿನ?”

“ಒಂದೂ ದಿನ ಇಲ್ರಿ.”

ಐದೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ದ್ಯಾಮಣ್ಣ ಉಸಿರು ಬಿಟ್ಟದ್ದು ನನಗೆ ಬೆನ್ನ ಹಿಂದೆ ಕೇಳಿಸಿತು. ಗುರುಪಾದಯ್ಯನವರು ಪೆನ್ನಿನ ಮುಚ್ಚಳ ತೆಗೆದರು, ಕರಾರಿನ ಕಾಗದ ಹತ್ತಿರಕ್ಕೆ ಎಳೆದುಕೊಂಡರು, ಮತ್ತೆ ಯಾಕೋ ಪೆನ್ನು ಕೆಳಗಿಟ್ಟರು.

“ನಿನ್ನ ಮಾತಿನ ಮ್ಯಾಲೆ ನಂಬಿಕಿ ಇಲ್ಲಂತಲ್ಲವಾ. ಮೂರು ವರ್ಷದ್ದು ನೋಡು, ನಾಳೆ ಊರ ಮಂದಿ ನನ್ನ ಕೇಳತಾರ. ಒಂದು ಸಲ ಎಲ್ಲಾರ ಮುಂದ ಬೆಲ್ಲಾ ಮುರದು ಬಿಡೂಣು. ಅವನು ಚೆಂಡು ತಗೊಂಡು ಈ ಗೋಲಿನಿಂದ ಆ ಗೋಲಿಗೆ ಒಂದು ಸುತ್ತು ಓಡಿ ಬರಲಿ. ನೀ ಕುರ್ಚಿ ಮ್ಯಾಲೆ ಕುಂತಿರು. ಸಹಿ ಅಲ್ಲೇ ಮೈದಾನದಾಗ ಮಾಡೂಣು.”

ನಾನು ತಿರುಗಿ ನೋಡಿದೆ. ದ್ಯಾಮಣ್ಣ ಬಾಯಿ ಬಿಡುವಂತಿರಲಿಲ್ಲ. ಬೇಡ ಎಂದು ಕಣ್ಣಲ್ಲೇ ಹೇಳುತ್ತಿದ್ದ, ನನಗೋ ಕಮಿಟಿಗೋ ತಿಳಿಯಲಿಲ್ಲ. ನಾನು ಬೇಡ ಎಂದರೆ ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು. “ಆಗಲಿ ನಡೀರಿ, ರೊಟ್ಟಿ ಮಾಡೂ ಹೊತ್ತಾತು ನನಗ” ಎಂದು ನಾನೇ ಮೊದಲು ಎದ್ದೆ. ಹದಿನಾರು ವರ್ಷ ಮುಖ ಕೊಡದವಳಿಗೆ ಒಂದು ಸುತ್ತು ಯಾವ ಲೆಕ್ಕ ಎಂದು ನನಗೆ ನಾನೇ ಹೇಳಿಕೊಂಡೆ.

ಸುದ್ದಿ ನಮಗಿಂತ ಮುಂಚೆ ಮೈದಾನ ಮುಟ್ಟಿತ್ತು. ಗೋಡೆಯ ಮೇಲೆಲ್ಲ ಜನ. ಮೌಲಾಸಾಬನೂ ಬಂದು ನನ್ನ ಕುರ್ಚಿಯ ಹಿಂದೆ ನಿಂತ. ಗುರುಪಾದಯ್ಯನವರು ತಾವೇ ಬೆಲ್ಲ ಮುರಿದು ಕೊಟ್ಟರು. ದ್ಯಾಮಣ್ಣ ನುಂಗಿದ ಮೇಲೆ, ಮಾತ್ರೆ ಕೊಟ್ಟ ಮಗುವಿಗೆ ಮಾಡಿದ ಹಾಗೆ, ನಾಲಿಗೆ ಎತ್ತಿಸಿ ನೋಡಿದರು. ನಾನು ನನ್ನ ಅರ್ಧ ನುಂಗಿದೆ. ಅದು ಇನ್ನೂ ಗಂಟಲಿಂದ ಇಳಿಯುತ್ತಿದ್ದ ಹಾಗೆಯೇ ನೋವು ಬಂತು.

ಆ ಮೊಣಕಾಲು ನನಗೆ ಹಳೆಯ ಪರಿಚಯ. ಮಳೆಗಾಲಕ್ಕೆ ಹೇಗಿರುತ್ತದೆ, ಎರಡನೇ ಅರ್ಧದಲ್ಲಿ ಹೇಗಾಗುತ್ತದೆ, ಎಲ್ಲ ಬಲ್ಲೆ. ಆದರೆ ಇದು ನಾನು ಬಿಟ್ಟುಬಂದ ಮೊಣಕಾಲು ಆಗಿರಲಿಲ್ಲ. ಅವನು ಸುಮ್ಮನೆ ನಿಂತಿದ್ದಾಗಲೇ ಒಳಗೆ ಕೆಂಡ. ಇದನ್ನು ಇಟ್ಟುಕೊಂಡು ಒಂದು ವರ್ಷ ಆಡಿದನೇ ಈ ಪುಣ್ಯಾತ್ಮ! ನನ್ನ ಕಣ್ಣು ತುಂಬಿ ಬಂತು, ಬಿಸಿಲಿಗೆ ಎಂಬಂತೆ ಕೈ ಅಡ್ಡ ಹಿಡಿದೆ. ಐದೂ ಜನ ಕಮಿಟಿಯವರು ಮೈದಾನಕ್ಕೆ ಬೆನ್ನು ಹಾಕಿ ನನ್ನ ಮುಖವನ್ನೇ ನೋಡುತ್ತಿದ್ದರು. “ಏನ್ರಿ, ಹೆಣ್ಣು ನೋಡಾಕ ಬಂದೀರೇನು?” ಎಂದೆ. ನಕ್ಕರು, ಆದರೆ ಕಣ್ಣು ತೆಗೆಯಲಿಲ್ಲ.

ದ್ಯಾಮಣ್ಣ ಓಡತೊಡಗಿದ. ಮೊದಮೊದಲು ಈ ವರ್ಷದ ರೂಢಿಯಂತೆ ಎಡಗಾಲು ಹಗುರವಾಗಿ ಇಟ್ಟು ಓಡಿದ. ಒಂದೊಂದು ಹೆಜ್ಜೆಗೂ ಮೂಳೆಯ ನಡುವೆ ಏನೋ ಒಂದು ಜಾಗ ಬಿಟ್ಟು ಸರಿದು, ಮತ್ತೆ ಜಾಗಕ್ಕೆ ಬರುತ್ತಿತ್ತು. ಅದು ಹೊಸದು. ತಡೆದುಕೊಂಡೆ. ಆಚೆ ಗೋಲಿನ ಹತ್ತಿರ ಹೋಗುವಷ್ಟರಲ್ಲಿ ಅವನ ನಡೆ ಬದಲಾಯಿತು. ಕಾಲು ನೋಯುತ್ತಿಲ್ಲ ಎಂಬುದು ಅವನ ಮೈಗೆ ನೆನಪಾದ ಹಾಗಿತ್ತು. ಗಕ್ಕನೆ ತಿರುಗಿದ. ನನ್ನ ಕೈ ಕುರ್ಚಿಯ ತೋಳನ್ನು ಹಿಡಿದುಕೊಂಡಿತು, ಮುಖ ಮಾತ್ರ ಇದ್ದ ಹಾಗೇ ಇತ್ತು. “ಏನೂ ಇಲ್ಲ ನೋಡ್ರಿ, ಕಲ್ಲಿನಂಗ ಕುಂತಾಳ” ಎಂದ ಒಬ್ಬ ಕಮಿಟಿಯವನು. ಗುರುಪಾದಯ್ಯನವರು ಪೆನ್ನು ಕೈಗೆ ತೆಗೆದುಕೊಂಡರು.

ಹಿಂತಿರುಗಿ ಬರುವಾಗ ದ್ಯಾಮಣ್ಣ ಇಪ್ಪತ್ತರ ಹುಡುಗನಾಗಿದ್ದ. ನಗುತ್ತಿದ್ದ. ಅಷ್ಟು ದೂರದಿಂದಲೂ ಹಲ್ಲು ಕಾಣುತ್ತಿತ್ತು. ಚೆಂಡು ಸ್ಟಿಕ್ಕಿಗೆ ಅಂಟಿಕೊಂಡಂತೆ ಬರುತ್ತಿತ್ತು. ನನಗೋ, ಒಳಗೆ ಸರಿಯುತ್ತಿದ್ದದ್ದು ಪ್ರತಿ ಹೆಜ್ಜೆಗೂ ಇನ್ನಷ್ಟು ದೂರ ಸರಿದು, ಇನ್ನಷ್ಟು ತಡವಾಗಿ ಜಾಗಕ್ಕೆ ಮರಳುತ್ತಿತ್ತು. ಆಗ ನನಗೆ ತಿಳಿಯಿತು. ಈ ಕಾಲು ವರ್ಷವಿಡೀ ಉಳಿದದ್ದು ಎಲೆಯಿಂದಲೂ ಅಲ್ಲ, ದೇವರಿಂದಲೂ ಅಲ್ಲ. ಅವನಿಗೆ ನೋಯುತ್ತಿತ್ತು, ಅದಕ್ಕೇ ಉಳಿದಿತ್ತು. ಈಗ ಆ ನೋವನ್ನು ನಾನು ಇಸಿದುಕೊಂಡು ಕೂತಿದ್ದೆ, ಅವನ ಕಾಲಿಗೆ ಹೇಳುವವರು ಯಾರೂ ಇರಲಿಲ್ಲ.

ಗೋಡೆಯ ಮೇಲಿನ ಜನ ಕೂಗಲು ಶುರು ಮಾಡಿದರು. “ಬುಗುರಿ! ದ್ಯಾಮಣ್ಣ, ಬುಗುರಿ!” ವರ್ಷವಿಡೀ ನೋಡದ ಆಟ. ಅವನು ಜನರ ಕಡೆ ಸ್ಟಿಕ್ಕು ಎತ್ತಿ ತೋರಿಸಿದ. ನನಗೆ ಗೊತ್ತು, ಬುಗುರಿಗೆ ಮುಂಚೆ ಅವನು ಯಾವಾಗಲೂ ಸ್ವಲ್ಪ ಬಲಕ್ಕೆ ವಾಲುತ್ತಾನೆ, ಆಮೇಲೆ ಎಡಗಾಲನ್ನು ದೂರ ಚಾಚುತ್ತಾನೆ. ವಾಲಿದ. ಗುರುಪಾದಯ್ಯನವರ ಪೆನ್ನು ಕಾಗದ ಮುಟ್ಟಿತ್ತು. ಅವನು ಎಡಗಾಲು ಚಾಚಿದ.

ನಾನು ಕಿರುಚಿದೆ. ಹದಿನಾರು ವರ್ಷದಲ್ಲಿ ಚಪ್ಪರದಲ್ಲಿ ಕಿರುಚದೆ ಉಳಿಸಿಕೊಂಡದ್ದೆಲ್ಲ ಒಟ್ಟಿಗೆ ಬಂದ ಹಾಗೆ ಕಿರುಚಿದೆ. ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದು, ಎಡ ಮೊಣಕಾಲನ್ನು ಎದೆಗೆ ಅವಚಿಕೊಂಡು “ಬ್ಯಾಡೋ! ಊರಬ್ಯಾಡೋ ಕಾಲು!” ಎಂದು ಕೂಗುತ್ತಿದ್ದೆ.

ದ್ಯಾಮಣ್ಣ ತಡೆದುಕೊಂಡ. ಚಾಚಿದ ಕಾಲನ್ನು ಊರದೆ ಬಲಗಾಲಿನ ಮೇಲೆ ಮುಗ್ಗರಿಸಿ, ಕೈಯೂರಿ ಬಿದ್ದ. ಚೆಂಡು ತನ್ನ ಪಾಡಿಗೆ ಉರುಳುತ್ತಾ ಹೋಗಿ ಗೋಡೆಗೆ ಬಡಿದು ನಿಂತಿತು.

“ಎಷ್ಟು ಐತವಾ?” ಎಂದರು ಗುರುಪಾದಯ್ಯನವರು, ನನ್ನ ಹತ್ತಿರ ಕೂತು. ಅದು ಪದ್ಧತಿಯ ಪ್ರಶ್ನೆ, ಹೊರೆಗಾರ ಉತ್ತರ ಕೊಡಲೇಬೇಕು.

“ಈ ಕಾಲಿನ ಮ್ಯಾಲೆ ಅವನ್ನ ಆಡಿಸಬ್ಯಾಡ್ರಿ” ಎಂದೆ.

ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಉಳಿದ ನಾಲ್ವರು ತಲೆ ತಗ್ಗಿಸಿ ಕ್ಲಬ್ಬಿನ ಕಡೆ ನಡೆದರು. ಶಾಲು ತರಲು ಯಾರನ್ನಾದರೂ ಪೇಟೆಗೆ ಕಳಿಸಬೇಕು ಎಂದು ಅವರಲ್ಲೊಬ್ಬ ಹೇಳುತ್ತಿದ್ದ. ಅಷ್ಟು ಬೇಗ.

ದ್ಯಾಮಣ್ಣ ಎದ್ದು ನನ್ನ ಕಡೆ ಬಂದ. ನೆಟ್ಟಗೆ, ಜೋರಾಗಿ ನಡೆದು ಬಂದ. ಅವನ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.

“ಏನಾಗತಿತ್ತು?” ಎಂದ. “ಹೇಳು, ಏನಾಗತಿತ್ತು? ಇನ್ನೇನು ಗೋಲ್ ಮುಟ್ಟತಿದ್ದೆ. ಕಾಲು ಆರಾಮ ಇತ್ತು!”

“ಆರಾಮ ನಿನಗಷ್ಟ ಇತ್ತೋ ಮಬ್ಬ! ನಿನ್ನ ಕಾಲು ಇಲ್ಲೈತಿ, ನನ್ನ ಹತ್ರ. ಇನ್ನೊಂದು ಸಲ ತಿರುಗಿದ್ರ ಅದು ಜಾಗಕ್ಕ ತಿರುಗಿ ಬರತಿದ್ದಿಲ್ಲ.”

“ನಿನಗೇನು ಗೊತ್ತು? ಬರತಿತ್ತು!”

ಮುರಿಯದೆ ಉಳಿದ ಕಾಲನ್ನು ತೋರಿಸಿ, ನೋಡು, ಇದು ಮುರಿಯುತ್ತಿತ್ತು ಎಂದು ಯಾರಿಗೆ ಹೇಗೆ ನಂಬಿಸುವುದು? ನಾನು ಸಾಯುವವರೆಗೂ ಅವನು ಬರತಿತ್ತು ಎನ್ನುತ್ತಾನೆ, ನಾನು ಬರತಿದ್ದಿಲ್ಲ ಎನ್ನುತ್ತೇನೆ.

“ಮುಖ ಹಿಡ್ಕೊಂಡು ಕುಂದ್ರೂದು ನಿನಗ ಒಂದು ದಿನ ಆಗಲಿಲ್ಲಲ್ಲ” ಎಂದ. ಅವನ ಧ್ವನಿ ಒಡೆಯಿತು. “ನನ್ನ ಆಟ ಮುಗಿಸಿದಿ ಕಾಶಕ್ಕ.”

“ಹೂಂ, ಮುಗಿಸೀನಿ” ಎಂದೆ. ಅಳುತ್ತಿದ್ದೆ, ಮುಚ್ಚಿಕೊಳ್ಳಲಿಲ್ಲ.

ಅವನು ಸ್ಟಿಕ್ಕನ್ನು ಅಲ್ಲೇ ಎಸೆದು, ಗೇಟು ಒದ್ದು, ರಸ್ತೆಗೆ ಇಳಿದ. ಜನ ದಾರಿ ಬಿಟ್ಟರು. ಮೌಲಾಸಾಬ ನನ್ನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ, ನಿಂಬೆಹಣ್ಣಿನ ಹೋಳು ಕೈಗೆ ಕೊಟ್ಟ. ಹೊತ್ತು ಮುಳುಗಲು ಇನ್ನೂ ಬಹಳ ಸಮಯವಿತ್ತು. ದ್ಯಾಮಣ್ಣ ಕಣ್ಣಿಗೆ ಕಾಣದಷ್ಟು ದೂರ ಹೋದ ಮೇಲೂ ನನಗೆ ಅವನು ನಡೆಯುವುದು ಗೊತ್ತಾಗುತ್ತಿತ್ತು. ಸಿಟ್ಟಿನಲ್ಲಿ ಕಾಲನ್ನು ನೆಲಕ್ಕೆ ಅಪ್ಪಳಿಸಿ ಅಪ್ಪಳಿಸಿ ಇಡುತ್ತಿದ್ದ. ಬೇಕೆಂದೇ. ಒಂದೊಂದು ಹೆಜ್ಜೆಗೂ ನಾನು ಕುರ್ಚಿಯಲ್ಲಿ ನೆಗೆದು ಬೀಳುತ್ತಿದ್ದೆ. “ಬೈಯಾಕತ್ತಾನ” ಎಂದೆ ಮೌಲಾಸಾಬನಿಗೆ, ಹಲ್ಲು ಕಚ್ಚಿಕೊಂಡು. “ಬೈಲಿ ಬಿಡು” ಎಂದ ಅವನು.

ಇಳಿಜಾರಿನ ಕಡೆ ಹೊರಟಿದ್ದನೆಂದು ಕಾಣುತ್ತದೆ, ಹೆಜ್ಜೆ ಇನ್ನೂ ಭಾರವಾದವು. ಆಮೇಲೆ ಒಮ್ಮೆಲೇ ನಿಂತವು. ಬಹಳ ಹೊತ್ತು ನಿಂತೇ ಇದ್ದ. ಬಿದ್ದನೇನೋ, ಯಾರಾದರೂ ಹೋಗಿ ನೋಡಿ ಎಂದು ಹೇಳಲು ನಾನು ಬಾಯಿ ತೆರೆದೆ.

ಅಷ್ಟರಲ್ಲಿ ಮತ್ತೆ ನಡೆಯತೊಡಗಿದ. ಒಂದು ಹೆಜ್ಜೆ ಬಂತು, ಬಂದದ್ದೇ ಗೊತ್ತಾಗದಷ್ಟು ಹಗುರ. ಸ್ವಲ್ಪ ತಡೆದು ಇನ್ನೊಂದು. ಪಾದದ ಅಂಚು ಮೊದಲು ಇಟ್ಟು, ನೆಲ ನೋಡಿಕೊಂಡು, ಭಾರವನ್ನೆಲ್ಲ ಬಲಗಾಲಿಗೆ ಕೊಟ್ಟು ನಡೆಯುತ್ತಿದ್ದ. ಅವನಿಗೆ ನೋವಿರಲಿಲ್ಲ, ಅದು ನನ್ನ ಹತ್ತಿರ ಇತ್ತು. ಆದರೂ ಮನೆಯವರೆಗೂ ಹಾಗೇ ಮೆಲ್ಲಗೆ ನಡೆದ.